ಬೆಂಕಿ ಆರಿದ ಮರುದಿನ

1812ರ ಮಾರ್ಚ್ 11ರ ಸಂಜೆ ಬಂಗಾಳದ ಶ್ರೀರಾಂಪುರದ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಇನ್ನೂರು ಅಡಿ ಉದ್ದದ ಕಟ್ಟಡ. ಕಾಗದ ತುಂಬಿಟ್ಟಿದ್ದ ಕೋಣೆಯಲ್ಲಿ ಮೊದಲು ಹೊಗೆ ಕಾಣಿಸಿತು. ಮುದ್ರಕ ವಿಲಿಯಂ ವಾರ್ಡ್ ಮತ್ತು ಅಲ್ಲಿದ್ದ ಕೆಲಸಗಾರರು ಗಂಟೆಗಟ್ಟಲೆ ನೀರು ಸುರಿದರೂ ನಡುರಾತ್ರಿಯ ಹೊತ್ತಿಗೆ ಮಾಡು ಕುಸಿಯಿತು. ಸಾವಿರಕ್ಕೂ ಹೆಚ್ಚು ರೀಮು ಕಾಗದ ಬೂದಿಯಾಯಿತು, ಹಲವು ಭಾರತೀಯ ಭಾಷೆಗಳ ಅಚ್ಚುಮೊಳೆಗಳು ಕರಗಿ ಲೋಹದ ಗಟ್ಟಿಗಳಾದವು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಬೆಂಕಿ ಹೇಗೆ ಹತ್ತಿತೆಂಬುದು ಕೊನೆಗೂ ತಿಳಿಯಲಿಲ್ಲ.

ಆ ಮುದ್ರಣಾಲಯದ ಜೀವಾಳವಾಗಿದ್ದ ವಿಲಿಯಂ ಕೇರಿ ಅಂದು ಊರಲ್ಲಿರಲಿಲ್ಲ. ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಭಾಷೆಗಳನ್ನು ಕಲಿಸುತ್ತಿದ್ದರು. ಮರುದಿನ ಅವರ ಜೊತೆಗಾರ ಜೋಶುವಾ ಮಾರ್ಷ್‌ಮನ್ ಅಲ್ಲಿಗೆ ಹೋಗಿ ಸುದ್ದಿ ಮುಟ್ಟಿಸಿದರು. ಕೇರಿ ವರ್ಷಗಳಿಂದ ಕೂಡಿಸುತ್ತಿದ್ದ ಬಹುಭಾಷಾ ನಿಘಂಟಿನ ಹಸ್ತಪ್ರತಿ, ತೆಲುಗು ವ್ಯಾಕರಣ, ಸಂಸ್ಕೃತಕ್ಕೆ ಮಾಡಿದ್ದ ಬೈಬಲ್ ಅನುವಾದದ ಭಾಗಗಳು ಹೋಗಿದ್ದವು. ಅವುಗಳ ಜೊತೆಗೆ ನಮ್ಮದೂ ಒಂದು ಇತ್ತು: ಕನ್ನಡಕ್ಕೆ ಮಾಡಿಟ್ಟಿದ್ದ ಹೊಸ ಒಡಂಬಡಿಕೆಯ ಹಸ್ತಪ್ರತಿ. ಹಿಂದೆ ಚಮ್ಮಾರರಾಗಿದ್ದ, ಕನ್ನಡ ನಾಡನ್ನೇ ಕಾಣದಿದ್ದ ಕೇರಿ, ಭಾಷೆ ಬಲ್ಲ ಪಂಡಿತರ ನೆರವಿನಿಂದ ಸಾಲುಸಾಲಾಗಿ ಬರೆದಿಟ್ಟದ್ದು ಒಂದು ರಾತ್ರಿಯಲ್ಲಿ ಇಲ್ಲವಾಯಿತು.

ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಹೇಳುವಾಗ ಸಾಮಾನ್ಯವಾಗಿ ಬೇಗಬೇಗ ಮುಂದೆ ಹೋಗುತ್ತೇವೆ. ಬೆಂಕಿ ಬಿತ್ತು, ಪ್ರಾರ್ಥಿಸಿದರು, ದೇವರು ಎಲ್ಲವನ್ನೂ ಇಮ್ಮಡಿಯಾಗಿ ಹಿಂದಿರುಗಿಸಿದನು ಎಂದು ಮುಗಿಸುತ್ತೇವೆ. ಹಾಗೆ ಮುಗಿಸಿದರೆ ಕೇಳುವವರಿಗೆ ಅನ್ಯಾಯವಾಗುತ್ತದೆ. ಮೊನ್ನೆ ಕೆಲಸ ಕಳೆದುಕೊಂಡವರು, ಮಗಳ ಮದುವೆ ಮಾತು ಮುರಿದುಬಿದ್ದವರು, ಹೂಮಳೆ ಕೈಕೊಟ್ಟು ಕಾಫಿ ತೋಟದ ಸಾಲ ತೀರಿಸಲಾಗದವರು, ಎರಡನೇ ಸಲವೂ ಪಿಯುಸಿ ದಾಟದ ಮಗನ ಮುಖ ನೋಡಲಾರದವರು ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರದು ದೊಡ್ಡ ಕಥೆಯಾಗುವಂಥ ಬೆಂಕಿಯೂ ಅಲ್ಲ. ಆದರೂ ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಎದುರಾಗುವುದು ಅದೇ. ಅವರಿಗೆ ಕ್ರೈಸ್ತ ವಿಶ್ವಾಸ ನಿಜವಾಗಿ ಏನು ಕೊಡುತ್ತದೆ, ಏನು ಕೊಡುತ್ತೇನೆಂದು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ನನ್ನ ಮಾತು ಇಷ್ಟೇ: ಕಳೆದದ್ದು ಮರಳಿ ಬರುತ್ತದೆ ಎಂಬುದು ಕ್ರೈಸ್ತ ನಿರೀಕ್ಷೆಯ ತಿರುಳಲ್ಲ. ಕಳೆದುಕೊಂಡ ಜಾಗದಲ್ಲಿಯೂ ದೇವರು ನಮ್ಮನ್ನು ಬಿಟ್ಟುಹೋಗುವುದಿಲ್ಲ, ಆದ್ದರಿಂದ ಅಲ್ಲಿಂದಲೇ ಮುಂದಿನ ಕೆಲಸ ಸಾಧ್ಯ ಎಂಬುದು ಅದರ ತಿರುಳು.

ಶ್ರೀರಾಂಪುರದ ಲೆಕ್ಕವನ್ನೇ ಪ್ರಾಮಾಣಿಕವಾಗಿ ಮಾಡಿ ನೋಡೋಣ. ಏನು ಉಳಿಯಿತು? ಅಚ್ಚುಮೊಳೆ ಎರಕ ಹೊಯ್ಯಲು ಬೇಕಾದ ಉಕ್ಕಿನ ಪಡಿಯಚ್ಚುಗಳು ಬೂದಿಯಡಿ ಸುರಕ್ಷಿತವಾಗಿದ್ದವು. ಪಂಚಾನನ ಕರ್ಮಕಾರ್ ಮತ್ತು ಅವರ ಅಳಿಯ ಮನೋಹರ್ ಎಂಬ ಬಂಗಾಳಿ ಕುಶಲಕರ್ಮಿಗಳು ವರ್ಷಗಳ ಕಾಲ ಕೂತು ಕೆತ್ತಿದ ಕೈಕೆಲಸ ಅದು. ಐದು ಮುದ್ರಣ ಯಂತ್ರಗಳೂ ಉಳಿದಿದ್ದವು. ಕರಗಿದ ಲೋಹವನ್ನು ಬೂದಿಯಿಂದ ಹೆಕ್ಕಿ ತೆಗೆದು ಹೊಸ ಮೊಳೆ ಎರಕ ಹೊಯ್ಯಲು ಶುರುಮಾಡಿದರು. ಇಂಗ್ಲೆಂಡಿಗೆ ಸುದ್ದಿ ತಲುಪಿದಾಗ ಅಲ್ಲಿನ ಸಭೆಗಳು ಎರಡು ತಿಂಗಳೊಳಗೆ ಸುಮಾರು ಹತ್ತು ಸಾವಿರ ಪೌಂಡ್ ಕೂಡಿಸಿದವು. ಕನ್ನಡದ ಕೆಲಸವೂ ಮತ್ತೆ ಆರಂಭವಾಯಿತು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾಯಿತು, ಮುಂದಿನ ದಶಕದಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂತು.

ಇನ್ನು, ಏನು ಮರಳಲಿಲ್ಲ? ಆ ಬಹುಭಾಷಾ ನಿಘಂಟು ಮತ್ತೆಂದೂ ಆಗಲಿಲ್ಲ. ಕೇರಿ ಮತ್ತು ಮಾರ್ಷ್‌ಮನ್ ಇಂಗ್ಲಿಷಿಗೆ ತರುತ್ತಿದ್ದ ವಾಲ್ಮೀಕಿ ರಾಮಾಯಣ ಮೂರು ಸಂಪುಟಗಳಿಗೇ ನಿಂತಿತು. ಮರಳಿ ಮಾಡಿದ ಕನ್ನಡ ಅನುವಾದವೂ ಹೆಚ್ಚು ಕಾಲ ಬಳಕೆಯಲ್ಲಿ ಉಳಿಯಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಜನರ ನಡುವೆ ಬದುಕುತ್ತ ಕನ್ನಡ ಕಲಿತ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬೇರೆಯೇ ಅನುವಾದ ಮಾಡಿದರು, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಕೊಟ್ಟರು. ಕನ್ನಡಿಗರ ಕೈಗೆ ಬೈಬಲ್ ಬಂದದ್ದು ಆ ದಾರಿಯಿಂದ. ಕೇರಿ ಎರಡು ಸಲ ಬೆವರು ಸುರಿಸಿದ ಕೆಲಸವನ್ನು ಇನ್ನೊಬ್ಬರ ಕೆಲಸ ಹಿಂದಿಕ್ಕಿತು. ಹಾಗಾದರೆ ಅವರ ಶ್ರಮ ವ್ಯರ್ಥವೇ? ತಮ್ಮ ಹೆಸರು ಉಳಿಯಬೇಕೆಂದು ದುಡಿದವರಿಗೆ ಅದು ವ್ಯರ್ಥ. ಕನ್ನಡಿಗರು ತಮ್ಮ ಭಾಷೆಯಲ್ಲಿ ದೇವರ ವಾಕ್ಯ ಓದಬೇಕೆಂದು ದುಡಿದವರಿಗೆ, ಯಾರ ಕೈಯಿಂದ ಬಂದರೇನು, ಬಂದಿತಲ್ಲ.

ಬೆಂಕಿ ಬಿದ್ದ ವಾರದ ಭಾನುವಾರ ಕೇರಿ ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೇ ಕೀರ್ತನೆ. ಭೂಮಿ ಅದುರಿ ಬೆಟ್ಟಗಳು ಕಡಲಿಗೆ ಉರುಳಿದರೂ ದೇವರೇ ಆಶ್ರಯವೆಂದು ಹಾಡುವ, ಕೊನೆಗೆ ಸುಮ್ಮನಿರಿ ಎಂದು ಹೇಳುವ ಕೀರ್ತನೆ ಅದು. ಎರಡನೇ ಸಲ ನಡೆಯುವ ದಾರಿ ಮೊದಲ ಸಲಕ್ಕಿಂತ ಸುಲಭವಾಗುತ್ತದೆ ಎಂಬ ಅರ್ಥದ ಮಾತನ್ನು ಅವರು ಪತ್ರದಲ್ಲಿ ಬರೆದರು. ನಷ್ಟ ದೊಡ್ಡದೆಂದು ಒಪ್ಪಿಕೊಂಡೇ ಬರೆದ ಮಾತು ಅದು. ನಷ್ಟವನ್ನು ಸಣ್ಣದು ಮಾಡಿ ತೋರಿಸಿದ್ದರೆ ಆ ಪತ್ರಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಅಳುವುದು ಅವಿಶ್ವಾಸವೆಂದು ನಮ್ಮಲ್ಲಿ ಹಲವರು ಎಳವೆಯಲ್ಲೇ ಕಲಿತಿದ್ದೇವೆ. ಕಷ್ಟದಲ್ಲಿರುವವರು ಬಾಯಿ ತೆರೆದರೆ ಸಾಕು, ಸ್ತೋತ್ರ ಹೇಳಿ, ದೇವರ ಚಿತ್ತ ಎನ್ನಿ ಎಂದು ಮಾತು ಮುಚ್ಚಿಸುತ್ತೇವೆ. ಬೈಬಲ್ ಹಾಗೆ ಮಾಡುವುದಿಲ್ಲ. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಲಾಪ, ದೂರು, ಎಷ್ಟು ಕಾಲ ಹೀಗೆ ಎಂಬ ಪ್ರಶ್ನೆ. 88ನೇ ಕೀರ್ತನೆಯಂತೂ ಯಾವ ಸಮಾಧಾನವೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕಬೇಕೆಂದು ಯೆಹೂದ್ಯರಿಗಾಗಲಿ ಕ್ರೈಸ್ತರಿಗಾಗಲಿ ತೋರಲಿಲ್ಲ. ಆರಾಧನೆಯ ಪುಸ್ತಕದಲ್ಲಿ ಅದಕ್ಕೂ ಜಾಗವಿದೆ. ಕ್ರಿಸ್ತನು ಶಿಲುಬೆಯ ಮೇಲೆ ಕೂಗಿದ್ದೂ ಕೈಬಿಟ್ಟೆಯೇಕೆ ಎಂದು ದೇವರನ್ನು ಕೇಳುವ 22ನೇ ಕೀರ್ತನೆಯ ಮೊದಲ ಮಾತನ್ನೇ. ದೇವರ ಮಗನೇ ಕೇಳಿದ ಪ್ರಶ್ನೆಯನ್ನು ನೆರೆಮನೆಯ ವಿಧವೆ ಕೇಳಬಾರದೆನ್ನಲು ನಾವು ಯಾರು?

ಪ್ರಲಾಪಗಳು ಎಂಬ ಪುಟ್ಟ ಪುಸ್ತಕ ಈ ವಿಷಯದಲ್ಲಿ ನನಗೆ ಬಹಳ ಕಲಿಸಿದೆ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನ ಸೈನ್ಯ ಜೆರುಸಲೇಮನ್ನು ಸುಟ್ಟುಹಾಕಿದ ಮೇಲೆ ಹುಟ್ಟಿದ ಐದು ಅಧ್ಯಾಯಗಳ ಶೋಕಗೀತೆ ಅದು. ಮೂಲದಲ್ಲಿ ಮೊದಲ ನಾಲ್ಕು ಗೀತೆಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಹಿಡಿದು ಸಾಗುತ್ತವೆ. ಮೂರನೆಯದು ಪ್ರತಿ ಅಕ್ಷರಕ್ಕೂ ಮೂರು ವಚನದಂತೆ 66 ವಚನಗಳಿಗೆ ಬೆಳೆಯುತ್ತದೆ. ದುಃಖ ಎದೆ ಬಿರಿಯುವಂತಿದ್ದಾಗಲೂ ಕವಿ ಅದಕ್ಕೆ ಒಂದು ಕ್ರಮ ಕೊಟ್ಟಿದ್ದಾನೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಅತ್ತು ಮುಗಿಸುವ ಅವಕಾಶವನ್ನು ಜನರಿಗೆ ಮಾಡಿಕೊಟ್ಟಿದ್ದಾನೆ. ದೇವರ ಕರುಣೆ ದಿನದಿನ ಬೆಳಿಗ್ಗೆ ಹೊಸದಾಗುತ್ತದೆ ಎಂಬ, ಮನೆಗಳ ಗೋಡೆಯ ಮೇಲೂ ಕ್ಯಾಲೆಂಡರಿನಲ್ಲೂ ಬರೆಸುವ ಮಾತು ಬರುವುದು ಈ ಮೂರನೇ ಅಧ್ಯಾಯದ ನಡುವೆ. ಅಂದರೆ ಪುಸ್ತಕದ ನಟ್ಟನಡುವೆ. ಅದಾದ ಮೇಲೂ ಎರಡು ಅಧ್ಯಾಯ ಹಸಿವು, ಅವಮಾನ, ಹಾಳುಬಿದ್ದ ಬೀದಿಗಳ ವಿವರ ಮುಂದುವರಿಯುತ್ತದೆ. ಪುಸ್ತಕ ಮುಗಿಯುವುದು ಉತ್ತರ ಸಿಗದ ಮೊರೆಯಲ್ಲಿ.

ಈ ಜೋಡಣೆಯನ್ನು ಗಮನಿಸಿದ ಮೇಲೆ ನಿರೀಕ್ಷೆಯ ಬಗ್ಗೆ ನನ್ನ ತಿಳಿವಳಿಕೆ ಬದಲಾಯಿತು. ಎಲ್ಲ ಸರಿಹೋದ ಮೇಲೆ ಬರುವುದನ್ನು ನೆಮ್ಮದಿ ಎನ್ನಬಹುದು. ನಿರೀಕ್ಷೆ ಹುಟ್ಟುವುದು ಇನ್ನೂ ಏನೂ ಸರಿಹೋಗದ ನಡುದಾರಿಯಲ್ಲಿ. ಅದು ಹುಟ್ಟಿದ ಮೇಲೂ ನೋವು ಒಂದೇಟಿಗೆ ನಿಲ್ಲುವುದಿಲ್ಲ. ಸೋಮವಾರ ಪ್ರಾರ್ಥನೆಯಲ್ಲಿ ಹಗುರವಾದ ಮನಸ್ಸು ಗುರುವಾರ ಮತ್ತೆ ಭಾರವಾದರೆ ವಿಶ್ವಾಸ ಹೋಯಿತೆಂದು ಹೆದರಬೇಕಾಗಿಲ್ಲ. ನೀವು ಮೂರನೇ ಅಧ್ಯಾಯ ದಾಟಿ ನಾಲ್ಕಕ್ಕೆ ಬಂದಿದ್ದೀರಿ, ಅಷ್ಟೇ.

ನಿರೀಕ್ಷೆಗೆ ದೇಹವೂ ಬೇಕು. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಬೇರ್ಷೆಬದ ಆಚೆಯ ಅರಣ್ಯಕ್ಕೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ಹಿಂದಿನ ಅಧ್ಯಾಯದಲ್ಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ್ದ ಪ್ರವಾದಿ ಅವನು. ದೇವರು ಅವನಿಗೆ ಉಪದೇಶ ಮಾಡುವುದಿಲ್ಲ, ನಿನ್ನ ವಿಶ್ವಾಸ ಎಲ್ಲಿಗೆ ಹೋಯಿತೆಂದು ಗದರುವುದೂ ಇಲ್ಲ. ನಿದ್ದೆ ಹೋದವನನ್ನು ದೂತ ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಮತ್ತೊಮ್ಮೆ ಎಬ್ಬಿಸಿ, ದಾರಿ ದೂರವಿದೆ ಎಂದು ಇನ್ನೊಮ್ಮೆ ಉಣಿಸುತ್ತಾನೆ. ಹೋರೇಬ್ ಬೆಟ್ಟ, ಮೆಲ್ಲನೆಯ ಧ್ವನಿ, ಹೊಸ ಕೆಲಸ ಎಲ್ಲವೂ ಆಮೇಲೆ. ಸೋತವನಿಗೆ ದೇವರ ಮೊದಲ ಔಷಧ ನಿದ್ದೆ ಮತ್ತು ಊಟ.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲೂ ಇದೇ ಕಾಣುತ್ತದೆ. ಪೇತ್ರ ಮತ್ತು ಜೊತೆಗಾರರು ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಬೆಳಗಿನ ಜಾವ ದಡದ ಕಡೆ ನೋಡುತ್ತಾರೆ. ಮರಣವನ್ನು ಗೆದ್ದು ಎದ್ದ ಕರ್ತನು ಅಲ್ಲಿ ಇದ್ದಲಿನ ಬೆಂಕಿ ಹಾಕಿ, ಮೀನು ಸುಟ್ಟು, ಬಂದು ಊಟ ಮಾಡಿ ಎಂದು ಕರೆಯುತ್ತಿರುತ್ತಾನೆ. ಮೂರು ಸಲ ತನ್ನನ್ನು ಅಲ್ಲಗಳೆದ ಪೇತ್ರನ ಜೊತೆ ಮಾತು ಶುರುವಾಗುವುದು ಊಟ ಮುಗಿದ ಮೇಲೆ. ಕಷ್ಟದ ಮನೆಗೆ ಹೋಗುವಾಗ ವಚನ ಹೇಳುವುದಕ್ಕಿಂತ ಮೊದಲು ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಅಮ್ಮಂದಿರ ರೂಢಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಕೇರಿಯ ಬದುಕಿನ ಇನ್ನೊಂದು ಮುಖವನ್ನೂ ಇಲ್ಲಿ ಹೇಳಲೇಬೇಕು. 1793ರಲ್ಲಿ ಅವರು ಬಂಗಾಳಕ್ಕೆ ಹೊರಟಾಗ ಹೆಂಡತಿ ಡೊರೊಥಿಗೆ ಬರಲು ಮನಸ್ಸಿರಲಿಲ್ಲ, ಕೊನೆಯ ಗಳಿಗೆಯಲ್ಲಿ ಒಪ್ಪಿ ಹಸುಗೂಸಿನೊಂದಿಗೆ ಹಡಗು ಹತ್ತಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಡೊರೊಥಿಯವರ ಮನಸ್ಸು ಆಮೇಲೆ ಚೇತರಿಸಿಕೊಳ್ಳಲಿಲ್ಲ. 1807ರಲ್ಲಿ ಸಾಯುವವರೆಗೆ ಹತ್ತಕ್ಕೂ ಹೆಚ್ಚು ವರ್ಷ ಅವರು ಮಾನಸಿಕ ಕಾಯಿಲೆಯಿಂದ ಬಳಲಿದರು. ಆ ಕಾಲದಲ್ಲಿ ಅದಕ್ಕೆ ಸರಿಯಾದ ಚಿಕಿತ್ಸೆಯೂ ಇರಲಿಲ್ಲ. ಕೇರಿ ಪಕ್ಕದ ಕೋಣೆಯಲ್ಲಿ ಕೂತು ಅನುವಾದ ಮಾಡುತ್ತಿದ್ದರು. ಒಬ್ಬರ ಹುರುಪು ಇನ್ನೊಬ್ಬರ ಹೆಗಲಿಗೆ ಎಂಥ ಭಾರವಾಗಬಹುದು ಎಂಬುದನ್ನು ಈ ಕಥೆ ನೋವಿನಿಂದ ನೆನಪಿಸುತ್ತದೆ. ನನಗೆ ನಂಬಿಕೆಯಿದೆ, ನೀನೂ ತಾಳಿಕೋ ಎಂದು ಮನೆಯವರಿಗೆ ಅಪ್ಪಣೆ ಮಾಡುವುದು ನಿರೀಕ್ಷೆಯಾಗುವುದಿಲ್ಲ.

ಖಿನ್ನತೆ, ಆತಂಕ, ಮನೋರೋಗ ಪಾಪದ ಗುರುತೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಡೊರೊಥಿಗೆ ದಕ್ಕದೆ ಹೋದ ವೈದ್ಯರು ಇಂದು ನಮಗಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಪ್ರಾರ್ಥನೆಯ ಸೋಲಲ್ಲ. ಪ್ರಾರ್ಥಿಸುವವರೇ ಆ ಸಾಲಿನಲ್ಲಿ ಜೊತೆಗೆ ನಿಲ್ಲಲಿ. ಮಾತ್ರೆ ಬಿಡಿ, ಉಪವಾಸ ಮಾಡಿ ಎನ್ನುವವರ ಮಾತು ಕೇಳಬೇಡಿ.

ನಂಬಿದರೆ ಸಾಲ ತೀರುತ್ತದೆ, ಕಾಣಿಕೆ ಕೊಟ್ಟರೆ ನೂರ್ಮಡಿ ಬರುತ್ತದೆ ಎಂಬ ಬೋಧನೆ ಈಗ ಹಳ್ಳಿಹಳ್ಳಿಗೂ ಮೊಬೈಲಿಗೂ ಬಂದಿದೆ. ಅದು ನೊಂದವರನ್ನು ಎರಡು ಸಲ ನೋಯಿಸುತ್ತದೆ. ಮೊದಲು ಸಾಲದಿಂದ ನೊಂದವರು, ಸಾಲ ತೀರದಾಗ ತಮ್ಮ ನಂಬಿಕೆಯೇ ಕಳಪೆಯೆಂದು ಇನ್ನೊಮ್ಮೆ ನೋಯುತ್ತಾರೆ. ನಮ್ಮ ಸಾಕ್ಷಿಕೂಟಗಳೂ ಇದಕ್ಕೆ ಅರಿವಿಲ್ಲದೆ ನೀರೆರೆಯುತ್ತವೆ. ಕೆಲಸ ಸಿಕ್ಕವರು, ಕಾಯಿಲೆ ವಾಸಿಯಾದವರು, ವೀಸಾ ಬಂದವರು ಮಾತ್ರ ಎದ್ದು ನಿಲ್ಲುತ್ತಾರೆ. ಇನ್ನೂ ಕಾಯುತ್ತಿರುವವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಯೋಬನ ಮೂವರು ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಮೌನವಾಗಿ ಕೂತದ್ದು ಅವರು ಮಾಡಿದ ಅತಿ ಒಳ್ಳೆಯ ಕೆಲಸ. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ಹೇಳತೊಡಗಿದಾಗಲೇ ಅವರು ದಾರಿ ತಪ್ಪಿದರು. ಪುಸ್ತಕದ ಕೊನೆಗೆ ದೇವರು ಕೋಪಗೊಳ್ಳುವುದು ದೂರು ಹೇಳಿದ ಯೋಬನ ಮೇಲಲ್ಲ, ದೇವರ ಪರ ವಾದಿಸಿದ ಆ ಗೆಳೆಯರ ಮೇಲೆ.

ಹಾಗಾದರೆ ಈ ನಿರೀಕ್ಷೆ ನಿಂತಿರುವುದು ಯಾವುದರ ಮೇಲೆ? ಸ್ವಭಾವದ ಗಟ್ಟಿತನದ ಮೇಲಲ್ಲ. ಕಷ್ಟ ಮನುಷ್ಯನಿಗಲ್ಲದೆ ಮರಕ್ಕೆ ಬರುತ್ತದೆಯೇ ಎಂದು ಹಲ್ಲು ಕಚ್ಚಿ ಸಹಿಸುವ ಶಕ್ತಿ ಎಲ್ಲ ಧರ್ಮದವರಲ್ಲೂ, ಧರ್ಮವೇ ಬೇಡವೆನ್ನುವವರಲ್ಲೂ ಇದೆ. ಅದನ್ನು ನಾನು ಗೌರವಿಸುತ್ತೇನೆ. ಕ್ರೈಸ್ತರು ಹೇಳುವುದು ಇನ್ನೊಂದು ಮಾತು: ಶುಭ ಶುಕ್ರವಾರ ಶಿಲುಬೆಯ ಮೇಲೆ ಸತ್ತವನನ್ನು ದೇವರು ಭಾನುವಾರ ಎಬ್ಬಿಸಿದನು, ಆದ್ದರಿಂದ ಸೋಲಿಗೂ ಸಾವಿಗೂ ಕೊನೆಯ ಮಾತು ಹೇಳುವ ಅಧಿಕಾರವಿಲ್ಲ. ಎದ್ದು ಬಂದವನ ಕೈಯಲ್ಲಿ ಮೊಳೆಯ ಗಾಯ ಹಾಗೆಯೇ ಇತ್ತು. ಪುನರುತ್ಥಾನ ಗಾಯವನ್ನು ಅಳಿಸಲಿಲ್ಲ. ತೋಮನು ತನ್ನ ಗುರುವನ್ನು ಗುರುತಿಸಿದ್ದು ಆ ಗಾಯಗಳಿಂದಲೇ. ನಮ್ಮ ನಷ್ಟಗಳೂ ಹಾಗೆಯೇ ಉಳಿಯಬಹುದು. ಮಗುವನ್ನು ಕಳೆದುಕೊಂಡ ತಾಯಿಗೆ ಆ ಜಾಗ ಖಾಲಿಯಾಗಿಯೇ ಇರುತ್ತದೆ. ಆದರೂ ಅದು ಬದುಕಿನ ಕೊನೆಯ ಪುಟವಾಗಬೇಕಿಲ್ಲ.

ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಅಂದು ಏನೂ ನಡೆಯಲಿಲ್ಲ. ದಿನನಿತ್ಯದ ಹಿನ್ನಡೆಗಳಲ್ಲಿ ನಾವು ಬಹುಪಾಲು ಬದುಕುವುದು ಆ ಶನಿವಾರದಲ್ಲಿ. ಅರ್ಜಿ ಹಾಕಿಯಾಗಿದೆ, ಉತ್ತರ ಬಂದಿಲ್ಲ. ರಕ್ತ ಪರೀಕ್ಷೆಗೆ ಕೊಟ್ಟಾಗಿದೆ, ವರದಿ ಬಂದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವವಾದ ಗುಣ, ಅದರಿಂದ ನಿರೀಕ್ಷೆ ಹುಟ್ಟುವ ಬಗೆಯನ್ನು ಹೇಳುತ್ತಾನೆ. ಪೆಟ್ಟು, ಸೆರೆಮನೆ, ಹಡಗೊಡೆತ ಎಲ್ಲವನ್ನೂ ಕಂಡ ಮನುಷ್ಯನ ಮಾತು ಅದು. ಅವನ ಪಟ್ಟಿಯಲ್ಲಿ ನಿರೀಕ್ಷೆ ಮೊದಲಿಗೆ ಬರುವುದಿಲ್ಲ, ಕೊನೆಗೆ ಬರುತ್ತದೆ. ಇವತ್ತು ನಿಮ್ಮಲ್ಲಿ ನಿರೀಕ್ಷೆ ಕಾಣದಿದ್ದರೆ ಚಿಂತೆಯಿಲ್ಲ. ಇವತ್ತಿಗೆ ತಾಳ್ಮೆ ಸಾಕು.

ತಾಳ್ಮೆ ಎಂದರೆ ಕೈಕಟ್ಟಿ ಕೂರುವುದಲ್ಲ. ಕೇರಿ ಭಾಷೆ ಕಲಿಸುವುದನ್ನು ಬಿಡಲಿಲ್ಲ, ಪ್ರೂಫ್ ತಿದ್ದುವುದನ್ನು ಬಿಡಲಿಲ್ಲ. ಗಿಡಗಳೆಂದರೆ ಅವರಿಗೆ ಪ್ರಾಣ. ಶ್ರೀರಾಂಪುರದಲ್ಲಿ ಅವರು ಬೆಳೆಸಿದ್ದ ಸಸ್ಯೋದ್ಯಾನವನ್ನು 1823ರ ಪ್ರವಾಹ ಹಾಳುಮಾಡಿದಾಗ, ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ನಡೆಯಲಾರದ ಸ್ಥಿತಿಯಲ್ಲಿದ್ದರೂ, ಚೇತರಿಸಿಕೊಂಡು ಮತ್ತೆ ನೆಡಿಸತೊಡಗಿದರು. 1834ರ ಜೂನ್ 9ರಂದು ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂದದ್ದು ಆ ಕಡೆಯಿಂದ. ಕೇರಿ ಅದಾವುದನ್ನೂ ಕಾಣಲಿಲ್ಲ. ಅವರು 1818ರಲ್ಲಿ ಗೆಳೆಯರೊಂದಿಗೆ ಕಟ್ಟಿದ ಶ್ರೀರಾಂಪುರ ಕಾಲೇಜಿನ ಹೆಸರಿನಲ್ಲೇ ಇಂದಿಗೂ ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಓದಿದ ಸಭಾಪಾಲಕರಿಗೆ ಪದವಿ ಸಿಗುತ್ತದೆ. ತಮ್ಮ ಕನ್ನಡ ಹಸ್ತಪ್ರತಿ ಸುಟ್ಟುಹೋದ ದಿನ ಇದೆಲ್ಲ ಅವರ ಊಹೆಗೂ ನಿಲುಕದ ಮಾತು. ಅಂದು ಅವರ ಕೈಗೆ ಎಟಕಿದ್ದು ಕರಗಿದ ಲೋಹ ಮತ್ತು ಒಂದು ಖಾಲಿ ಹಾಳೆ.

ಆದ್ದರಿಂದ ಕಷ್ಟದಲ್ಲಿರುವ ಓದುಗರಿಗೆ ಹೇಳುವುದು ಕೆಲವೇ ಮಾತು. ಅಳಬೇಕೆನಿಸಿದರೆ ದೇವರ ಮುಂದೆಯೇ ಅಳಿ. ಮಾತು ಹೊರಡದಿದ್ದರೆ ಕೀರ್ತನೆಗಾರನ ಮಾತನ್ನು ಸಾಲ ಪಡೆಯಿರಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಮಲಗಿ. ಒಬ್ಬರಿಗಾದರೂ ನಿಜ ಹೇಳಿ. ಇಡೀ ವರ್ಷದ ಯೋಜನೆ ಬೇಡ, ನಾಳೆ ಮಾಡಬಹುದಾದ ಒಂದು ಕೆಲಸ ಆರಿಸಿಕೊಂಡು ಅದನ್ನು ಮಾಡಿ ಮುಗಿಸಿ. ದೇವರು ಆ ಒಂದು ಕೆಲಸದಲ್ಲಿ ನಿಮ್ಮ ಜೊತೆಗಿರುತ್ತಾನೆಂದು ನಾನು ಮನಸಾರೆ ನಂಬುತ್ತೇನೆ.

ಸುಖವಾಗಿರುವ ಓದುಗರಿಗೂ ಒಂದು ಮಾತಿದೆ. ಮುಂದಿನ ಸಾಕ್ಷಿಕೂಟದಲ್ಲಿ ಉತ್ತರ ಸಿಕ್ಕವರ ಜೊತೆಗೆ ಇನ್ನೂ ಸಿಗದವರಿಗೂ ಎದ್ದು ಮಾತಾಡಲು ಅವಕಾಶ ಮಾಡಿಕೊಡಿ. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಆದರೂ ಇಲ್ಲಿಗೆ ಬಂದಿದ್ದೇನೆ ಎಂದು ಒಬ್ಬರು ಹೇಳಿದರೆ ಅದೂ ಪೂರ್ಣ ಸಾಕ್ಷಿಯೇ. ಅಂಥ ಮಾತನ್ನು ನಾಚಿಕೆಯಿಲ್ಲದೆ ಹೇಳಬಲ್ಲ, ತಿದ್ದುಪಡಿ ಮಾಡದೆ ಕೇಳಬಲ್ಲ ಸಭೆಯಲ್ಲಿ ನಿರೀಕ್ಷೆಯನ್ನು ಯಾರೂ ಒಂಟಿಯಾಗಿ ಹೊರಬೇಕಾಗುವುದಿಲ್ಲ.